ಅಣ್ಣ ಊದಿದ ಗಾಜು

ನಾನು ನಿವೃತ್ತಳಾದ ದಿನದಿಂದ ನಿಮ್ಮ ಮೆಸೇಜುಗಳು ಬರುತ್ತಲೇ ಇವೆ. ಎಲ್ಲವನ್ನೂ ಓದಿದ್ದೇನೆ, ಕೆಲವನ್ನು ಎರಡೆರಡು ಸಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಅದಕ್ಕೇ ಈ ಬರಹ.

ನನ್ನ ಸಂಶೋಧನಾ ಪೇಪರುಗಳ ಬಗ್ಗೆ, ಪ್ರಶಸ್ತಿಗಳ ಬಗ್ಗೆ ತುಂಬ ಜನ ಬರೆದಿದ್ದೀರಿ. ಓದಿ ನಿಜವಾಗಿಯೂ ಖುಷಿಯಾಯಿತು. ಆದರೆ ಆ ಪೇಪರುಗಳ ಲೇಖಕರ ಸಾಲಿನಲ್ಲಿ ಎಲ್ಲೂ ಹೆಸರು ಬರದ ಒಬ್ಬರಿದ್ದಾರೆ. ಅವರು ಇರದಿದ್ದರೆ ನನ್ನ ಅರ್ಧ ಕೆಲಸವೂ ಆಗುತ್ತಿರಲಿಲ್ಲ. ಇವತ್ತು ಅವರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಅವರು ನಮ್ಮ ರಸಾಯನಶಾಸ್ತ್ರ ವಿಭಾಗದ ಗ್ಲಾಸ್‌ಬ್ಲೋವರ್. ನಮಗೆ ಬೇಕಾದ ಗಾಜಿನ ಉಪಕರಣಗಳನ್ನು ಉರಿಯಲ್ಲಿ ಕಾಯಿಸಿ, ಊದಿ, ಬೆಸೆದು ಮಾಡಿಕೊಡುತ್ತಿದ್ದವರು. ಹೆಸರು ಹಾಕಬೇಡಿ ಅಂದಿದ್ದಾರೆ. ನಾನು ಅವರನ್ನು ಅಣ್ಣ ಅಂತಲೇ ಕರೆದದ್ದು, ಇಲ್ಲೂ ಹಾಗೇ ಕರೆಯುತ್ತೇನೆ.

ಕೆಲಸಕ್ಕೆ ಸೇರಿದಾಗ ನನಗೆ ಸಿಕ್ಕಿದ್ದು ಒಂದು ಖಾಲಿ ಕೋಣೆ, ಅದರಲ್ಲೊಂದು ಸಿಂಕ್. ನಾನು ಮಾಡಬೇಕಿದ್ದ ಸಂಯುಕ್ತಗಳೋ, ಗಾಳಿ ಸೋಕಿದರೆ ಸಾಕು ಕೆಡುವಂಥವು. ಇದಕ್ಕೆ ಶ್ಲೆಂಕ್ ಲೈನ್ ಇಲ್ಲದೆ ಆಗುವುದಿಲ್ಲ. ಎರಡು ಉದ್ದನೆಯ ಗಾಜಿನ ಕೊಳವೆಗಳು. ಒಂದಕ್ಕೆ ವ್ಯಾಕ್ಯೂಮ್ ಪಂಪ್, ಇನ್ನೊಂದಕ್ಕೆ ಆರ್ಗಾನ್, ಅಂದರೆ ಸಂಯುಕ್ತವನ್ನು ಕೆಡಿಸದ ಅನಿಲ. ನಡುವೆ ಸಾಲಾಗಿ ಗಾಜಿನ ನಲ್ಲಿಗಳು. ಈ ಕಡೆ ತಿರುಗಿಸಿದರೆ ಫ್ಲಾಸ್ಕಿನ ಗಾಳಿ ಹೊರಗೆ, ಆ ಕಡೆ ತಿರುಗಿಸಿದರೆ ಆರ್ಗಾನ್ ಒಳಗೆ. ನಾನು ಹಾಳೆಯ ಮೇಲೆ ಚಿತ್ರ ಬರೆದು ಅಣ್ಣನ ಹತ್ತಿರ ತೆಗೆದುಕೊಂಡು ಹೋದೆ. ಅವರು ಸ್ವಲ್ಪ ಹೊತ್ತು ಚಿತ್ರ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಮೇಡಂ, ನಿಮ್ಮ ಕೈ ಎಲ್ಲಿವರೆಗೆ ಎಟುಕುತ್ತೆ?" ಅಂದರು.

ಅಲ್ಲಿಯವರೆಗೆ ನಾನು ಕೆಲಸ ಮಾಡಿದ ಲ್ಯಾಬುಗಳಲ್ಲೆಲ್ಲ ಲೈನ್ ಇದ್ದದ್ದು ಎತ್ತರದ ಗಂಡಸರ ಅಳತೆಗೆ. ಪಿಎಚ್‌ಡಿ ಪೂರ್ತಿ ಸ್ಟೂಲ್ ಹತ್ತಿ ನಲ್ಲಿ ತಿರುಗಿಸಿದ್ದೇನೆ. ಅಣ್ಣ ನನ್ನನ್ನು ಹುಡ್ (ಕೆಟ್ಟ ಗಾಳಿಯನ್ನು ಹೊರಗೆಳೆಯುವ ಗೂಡು) ಮುಂದೆ ನಿಲ್ಲಿಸಿ, ಕೈ ಚಾಚಲು ಹೇಳಿ, ಟೇಪು ಹಿಡಿದು ಅಳೆದರು. ನಲ್ಲಿಗಳು ಆ ಎತ್ತರಕ್ಕೇ ಬಂದವು. ಆಮೇಲೆ ಬಂದ ಎಷ್ಟೋ ಹುಡುಗಿಯರು ಅದೇ ಲೈನಿನ ಮುಂದೆ ಆರಾಮಾಗಿ ನಿಂತು ಕೆಲಸ ಕಲಿತರು. ಯಾಕೆ ಆರಾಮು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಈಗ ಗೊತ್ತಾಗಲಿ.

ಅವರು ಕೆಲಸ ಮಾಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ. ನಾವು ಬಳಸುವ ಬೊರೊಸಿಲಿಕೇಟ್ ಗಾಜು ಸುಮಾರು 820 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ. ಆಗ ಅದರಲ್ಲಿರುವ ಸೋಡಿಯಂನಿಂದ ಕಣ್ಣು ಕುಕ್ಕುವ ಹಳದಿ ಬೆಳಕು ಬರುತ್ತದೆ, ಉರಿಯೊಳಗೆ ಗಾಜು ಏನಾಗುತ್ತಿದೆ ಅಂತಲೇ ಕಾಣುವುದಿಲ್ಲ. ಅದಕ್ಕೆ ಡಿಡಿಮಿಯಂ ಕನ್ನಡಕ ಬೇಕು. ಅದರಲ್ಲಿ ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಇರುತ್ತವೆ, ಅವು ಆ ಹಳದಿಯನ್ನು ಹೀರಿಕೊಳ್ಳುತ್ತವೆ. ಒಂದು ದಿನ ಅಣ್ಣ ತಮ್ಮ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಹಾಕಿಕೊಂಡು ನೋಡಿದೆ. ಹಳದಿ ಮಾಯ. ಉರಿಯ ನಡುವೆ ಗಾಜು ಮಾತ್ರ ನಿಧಾನವಾಗಿ ಬಾಗುತ್ತಿತ್ತು. ತರಗತಿಯಲ್ಲಿ ಸೋಡಿಯಂನ ಈ ಹಳದಿ ಬೆಳಕಿನ ತರಂಗಾಂತರ 589 ನ್ಯಾನೋಮೀಟರ್ ಅಂತ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಅವತ್ತು ಕಣ್ಣಾರೆ ಕಂಡೆ.

ಇನ್ನು ಒಂದು ರಾತ್ರಿಯ ವಿಷಯ.

ಆ ವರ್ಷ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಮತ್ತೆ ಬರೆಯುವುದಿಲ್ಲ. ಆಸ್ಪತ್ರೆಯಿಂದ ನೇರವಾಗಿ ಲ್ಯಾಬಿಗೆ ಬಂದಿದ್ದೆ, ಖಾಲಿ ಮನೆಗೆ ಹೋಗುವ ಧೈರ್ಯ ಇರಲಿಲ್ಲ. ಬಂದು ನೋಡಿದರೆ ಲೈನ್ ಬಿರುಕು ಬಿಟ್ಟಿತ್ತು. ಕೊನೆಯ ನಲ್ಲಿಯ ಬುಡದಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆ. ನನ್ನ ವಿದ್ಯಾರ್ಥಿಯ ಥೀಸಿಸ್ ನಿಂತಿದ್ದ ಸಂಯುಕ್ತ ಫ್ಲಾಸ್ಕಿನಲ್ಲಿ, ಡ್ರೈ ಐಸ್ ಮತ್ತು ಅಸಿಟೋನ್ ತೊಟ್ಟಿಯೊಳಗೆ, -78 ಡಿಗ್ರಿಯಲ್ಲಿ ಕೂತಿತ್ತು. ಬೆಳಗ್ಗೆ ಅದರ ಹರಳಿನ ರಚನೆ ನೋಡಲು ಎಕ್ಸ್-ರೇ ಯಂತ್ರದಲ್ಲಿ ನಮ್ಮ ಸರದಿ. ಲೈನ್ ಇಲ್ಲದೆ ಹರಳನ್ನು ಹೊರಗೆ ತೆಗೆಯುವಂತಿಲ್ಲ. ಆ ಹುಡುಗ ಗೋಡೆಗೆ ಒರಗಿ ಕೂತಿದ್ದ.

ಅಣ್ಣನಿಗೆ ಯಾರು ಫೋನ್ ಮಾಡಿದರೋ ಇವತ್ತಿಗೂ ತಿಳಿಯದು. ಊಟ ಮಾಡುತ್ತಿದ್ದವರು ಎದ್ದು ಬಂದಿದ್ದರಂತೆ. ಬಂದವರು ಬಿರುಕು ನೋಡಿದರು. ಆದರೆ ಬರ್ನರ್ ಮುಟ್ಟಲಿಲ್ಲ. ಮೊದಲು ಹುಡ್‌ನಲ್ಲಿದ್ದ ದ್ರಾವಕದ ಬಾಟಲಿಗಳನ್ನು ಒಂದೊಂದಾಗಿ ಆಚೆ ಕೋಣೆಗೆ ಸಾಗಿಸಿದರು. ನಲ್ಲಿಗಳನ್ನು ಬಿಚ್ಚಿ ಗ್ರೀಸನ್ನೆಲ್ಲ ಒರೆಸಿ ತೆಗೆದರು. ಗ್ರೀಸ್ ಉಳಿದರೆ ಉರಿಗೆ ಸುಟ್ಟು ಕಪ್ಪಾಗಿ ಗಾಜಿನೊಳಗೇ ಸೇರಿಕೊಳ್ಳುತ್ತದೆ. ಈ ತಯಾರಿಗೇ ತುಂಬ ಹೊತ್ತು ಹಿಡಿಯಿತು. ಅಷ್ಟರಲ್ಲಿ ನಾನು ಕುಸಿದೆ. ಅತ್ತುಬಿಟ್ಟೆ. ಇದೆಲ್ಲ ಸಾಕು, ಕೆಲಸ ಬಿಟ್ಟುಬಿಡುತ್ತೇನೆ, ಯಾರಿಗೋಸ್ಕರ ಇದೆಲ್ಲ ಅಂತ ಏನೇನೋ ಹೇಳಿದೆ. ಜೋರಾಗಿಯೇ ಹೇಳಿದೆ, ವಿದ್ಯಾರ್ಥಿ ಅಲ್ಲೇ ಇದ್ದ.

ಅಣ್ಣ ಸಮಾಧಾನದ ಮಾತು ಆಡಲಿಲ್ಲ. "ನೀನು ಡ್ರೈ ಐಸ್ ನೋಡ್ಕೋಮ್ಮ, ಗಾಜು ನಾನು ನೋಡ್ಕೋತೀನಿ" ಅಂದರು. ಅಷ್ಟೇ.

ನಾನು ಡ್ರೈ ಐಸ್ ನೋಡಿಕೊಂಡೆ. ಕಮ್ಮಿಯಾದ ಹಾಗೆಲ್ಲ ತುಂಬಿಸಿದೆ, ಥರ್ಮಾಮೀಟರ್ ನೋಡಿದೆ. ಅವರು ರಬ್ಬರ್ ಕೊಳವೆಯ ಒಂದು ತುದಿಯನ್ನು ಲೈನಿಗೆ ಸಿಕ್ಕಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಉರಿಯನ್ನು ದೂರದಿಂದ ಆಡಿಸುತ್ತ, ತುಂಬ ನಿಧಾನವಾಗಿ ಹತ್ತಿರ ತಂದರು. ಒಮ್ಮೆಲೇ ಕಾಯಿಸಿದರೆ ಬಿರುಕು ಇನ್ನೂ ಓಡುತ್ತದೆ. ಗಾಜು ಮೆತ್ತಗಾಗಿ ಗೆರೆ ಮುಚ್ಚುವ ಹೊತ್ತಿಗೆ ಸಣ್ಣಗೆ ಊದಿದರು, ಇಲ್ಲದಿದ್ದರೆ ಕೊಳವೆ ಒಳಕ್ಕೆ ಕುಗ್ಗುತ್ತದೆ. ಆಮೇಲೆ ದೊಡ್ಡ ಮೆತ್ತನೆಯ ಉರಿಯಲ್ಲಿ ಆ ಜಾಗವನ್ನೆಲ್ಲ ಸವರುತ್ತ, ಸ್ವಲ್ಪಸ್ವಲ್ಪವೇ ತಣಿಸಿದರು. ನಾನು ನೋಡಲು ಹತ್ತಿರ ಹೋದಾಗ "ಮುಟ್ಟಬೇಡ" ಅಂತ ಗದರಿದರು. ಕಾದ ಗಾಜು ಕಾದಂತೆ ಕಾಣುವುದಿಲ್ಲ, ನಮ್ಮ ಕ್ಷೇತ್ರದಲ್ಲಿ ಎಲ್ಲರ ಬೆರಳೂ ಒಮ್ಮೆ ಇದನ್ನು ಕಲಿತಿರುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಪಂಪ್ ಹಾಕಿದೆವು. ಒತ್ತಡದ ಮುಳ್ಳು ಇಳಿಯುತ್ತ ಹೋಗಿ ನಿಂತಿತು. ಹರಳು ಸಿಕ್ಕಿತು, ಆ ವಿದ್ಯಾರ್ಥಿಯ ಥೀಸಿಸ್ ಆಯಿತು, ಉಳಿದ ಕಥೆ ನಿಮಗೆ ಗೊತ್ತು. ಅಣ್ಣ ಕೈ ತೊಳೆದುಕೊಂಡು ಅಲ್ಲಿಂದಲೇ ಅವತ್ತಿನ ಡ್ಯೂಟಿಗೆ ಹೋದರು. ನಾನು ಆಸ್ಪತ್ರೆಗೆ ಹೋದೆ. ಆ ವಾರ ಹೇಗೆ ಕಳೆಯಿತೋ ಹೇಳಲಾರೆ. ಆದರೆ ಕೆಲಸ ಬಿಡಲಿಲ್ಲ. ಬಿಡದೇ ಇದ್ದದ್ದಕ್ಕೆ ಆ ರಾತ್ರಿಯೇ ಕಾರಣ ಅಂತ ಇಷ್ಟು ವರ್ಷ ಅವರಿಗೂ ಹೇಳಿರಲಿಲ್ಲ. ಮೊನ್ನೆ ಹೇಳಿದೆ.

ರಸಾಯನಶಾಸ್ತ್ರಕ್ಕೆ ಈ ಋಣ ಹೊಸದೇನಲ್ಲ. ನಮ್ಮ ಲೈನಿನಲ್ಲಿ ಹರಿಯುವ ಆರ್ಗಾನನ್ನು 1894ರಲ್ಲಿ ಲಾರ್ಡ್ ರೇಲಿಯವರ ಜೊತೆ ಕಂಡುಹಿಡಿದ ವಿಲಿಯಂ ರಾಮ್ಸೆ, ಗಾಜು ಊದುವುದರಲ್ಲಿ ಪಳಗಿದ ಕೈ. ಆಮೇಲೆ 1904ರಲ್ಲಿ ರಾಮ್ಸೆಗೆ ನೊಬೆಲ್ ಬಂತು. ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನ್ ಕಂಡ ಕಾಲದಲ್ಲಿ ಅವರ ಗಾಜಿನ ಕೊಳವೆಗಳನ್ನು ಮಾಡುತ್ತಿದ್ದವರು ಎಬನೀಜರ್ ಎವೆರೆಟ್. ಎವೆರೆಟ್ ಹೆಸರು ಎಷ್ಟು ಜನ ಕೇಳಿದ್ದೀರಿ? ಗಾಜು ಊದುವ ಹೈನ್‌ರಿಶ್ ಗೈಸ್ಲರ್ ಅವರಿಗೆ ಬಾನ್ ವಿಶ್ವವಿದ್ಯಾಲಯ 1868ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅಂಥದ್ದು ಇನ್ನೂ ಜಾಸ್ತಿ ಆಗಬೇಕಿತ್ತು. ನಾನು ಒಂದು ಪೇಪರಿನಲ್ಲಿ ಅಣ್ಣನ ಹೆಸರನ್ನು ಲೇಖಕರ ಸಾಲಿಗೆ ಸೇರಿಸಲು ಹೊರಟಾಗ, ಸಹಲೇಖಕರೊಬ್ಬರು ಒಪ್ಪಲಿಲ್ಲ. ಕೊನೆಗೆ ಧನ್ಯವಾದದ ಸಣ್ಣ ಅಕ್ಷರಗಳಲ್ಲಿ ಸೇರಿತು. ಅದು ನನಗೆ ಇವತ್ತಿಗೂ ಸರಿಬಂದಿಲ್ಲ. ಅವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ, ಅದೂ ಸರಿಬಂದಿಲ್ಲ.

ನನ್ನ ಗೈಡ್‌ಗೆ, ಸ್ಟೋರ್ಸ್‌ನವರಿಗೆ, ಅಣುಗಳ ರಚನೆ ತಿಳಿಸುವ ಎನ್‌ಎಂಆರ್ ಯಂತ್ರ ನೋಡಿಕೊಂಡವರಿಗೆ, ಲ್ಯಾಬ್ ಗುಡಿಸಿ ಒರೆಸಿದ ಅಕ್ಕನಿಗೆ, ಪರೀಕ್ಷೆಯ ದಿನಗಳಲ್ಲಿ ನನ್ನ ಮಗಳನ್ನು ತನ್ನ ಮಕ್ಕಳ ಜೊತೆ ಮಲಗಿಸಿಕೊಂಡ ತಂಗಿಗೆ, ನನ್ನ ತರಗತಿಯಲ್ಲಿ ಕೂತ ಎಲ್ಲರಿಗೂ ತುಂಬು ಮನಸ್ಸಿನ ಥ್ಯಾಂಕ್ಸ್. ನನ್ನ ಪಿಎಚ್‌ಡಿ ವಿದ್ಯಾರ್ಥಿಗಳೇ, ನಿಮಗೆ ಬೇರೆ ಪತ್ರ ಬರುತ್ತದೆ, ಕಾಯಿರಿ.

ಕೊನೆಗೆ ಒಂದು ವಿಷಯ, ಹಲವರು ಕೇಳಿದ್ದೀರಿ. ಲೈನ್ ಗುಜರಿಗೆ ಹೋಗುವುದಿಲ್ಲ. ಅವತ್ತು ಗೋಡೆಗೆ ಒರಗಿ ಕೂತಿದ್ದ ಹುಡುಗನೇ ಈಗ ಪ್ರೊಫೆಸರ್, ಅವನ ಲ್ಯಾಬಿಗೆ ಹೋಗುತ್ತದೆ. ಬಿಚ್ಚಿ ಪ್ಯಾಕ್ ಮಾಡಲು ಅಣ್ಣನೇ ಬರುತ್ತಾರಂತೆ, ಬೇರೆ ಯಾರೂ ಕೈ ಹಾಕಬಾರದು ಅಂತ ಹೇಳಿ ಕಳಿಸಿದ್ದಾರೆ. ನಲ್ಲಿಗಳ ಎತ್ತರ ಬದಲಾಯಿಸುವುದು ಬೇಡ ಅಂತ ನಾನು ಅವನಿಗೆ ಹೇಳಿದ್ದೇನೆ.