ಮೇವಿನ ಲೆಕ್ಕ ಟನ್ನಿನಲ್ಲಿ ಮಾತ್ರ ಸಾಕೇ?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಅಧಿಕಾರಿಗಳ ಹೇಳಿಕೆ ಪತ್ರಿಕೆಗಳಲ್ಲಿ ಬರುತ್ತದೆ. ಜಿಲ್ಲೆಯಲ್ಲಿ ಇಷ್ಟು ಟನ್ ಮೇವಿದೆ, ಇಷ್ಟು ವಾರಕ್ಕೆ ಸಾಕು ಅಂತ. ತೂಕ ಸರಿ ಇರಬಹುದು. ಆ ಮೇವಿನಲ್ಲಿ ಸತ್ವ ಎಷ್ಟು ಉಳಿದಿದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಬಯಲುಸೀಮೆಯ ಹುಲ್ಲು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮುಂಗಾರಿನ ಮೊದಲ ಹದಕ್ಕೆ ಚಿಗುರಿದ ಹುಲ್ಲಿನಲ್ಲಿ ಪ್ರೋಟೀನ್ ಜಾಸ್ತಿ, ಆದರೆ ಮುಕ್ಕಾಲು ಪಾಲು ನೀರೇ. ಬೇಸಿಗೆಯೆಲ್ಲಾ ಒಣಮೇವು ತಿಂದ ದನ ಅದಕ್ಕೆ ಮುಗಿಬೀಳುತ್ತದೆ, ಸಗಣಿ ತೆಳ್ಳಗಾಗುತ್ತದೆ. ಮೇಯಲು ಬಿಡುವ ಮೊದಲು ಸ್ವಲ್ಪ ರಾಗಿ ಹುಲ್ಲು ಹಾಕಿದರೆ ಒಳ್ಳೆಯದು. ಸೆಪ್ಟೆಂಬರ್ ಹೊತ್ತಿಗೆ ಹುಲ್ಲು ಹೂ ಬಿಡುತ್ತದೆ. ಆಗ ತೂಕವೂ ಇರುತ್ತದೆ, ಸತ್ವವೂ ಇರುತ್ತದೆ. ಬೀಜ ಉದುರಿತೋ, ಮುಗಿಯಿತು. ಉಳಿಯುವುದು ಬರೀ ನಾರು. ಒಣ ತೂಕದ ಲೆಕ್ಕದಲ್ಲಿ ಎಳೆ ಹುಲ್ಲಿನಲ್ಲಿ ಶೇ 10ಕ್ಕಿಂತ ಹೆಚ್ಚಿದ್ದ ಪ್ರೋಟೀನ್, ಫೆಬ್ರುವರಿಯ ಒಣಹುಲ್ಲಿನಲ್ಲಿ ಶೇ 3-4ಕ್ಕೆ ಇಳಿದಿರುತ್ತದೆ. ಶೇ 7ಕ್ಕಿಂತ ಕಡಿಮೆಯಾದರೆ ದನದ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೇ ಊಟ ಸಾಲದು, ಹಾಗಾಗಿ ಮೇವು ಬೇಗ ಕರಗದೆ ಹೊಟ್ಟೆಯಲ್ಲೇ ಕೂತು, ದನ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಎದುರಿಗೆ ರಾಶಿ ಹುಲ್ಲಿದ್ದರೂ ಹಸು ಸೊರಗುವುದು ಹೀಗೆ. ರಂಜಕದ (ಫಾಸ್ಫರಸ್) ಕೊರತೆಯೂ ಸೇರಿದರೆ ಬೆದೆಗೆ ಬರುವುದೂ ತಡ.

ಹಿಂದಿನವರಿಗೆ ಇದು ಗೊತ್ತಿತ್ತು. ಅಮೃತಮಹಲ್ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳನ್ನು, ಅಂದರೆ ಕಾವಲುಗಳನ್ನು, ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಎಂದು ಬೇರೆ ಮಾಡಿದ್ದರು. ಬೇಸಿಗೆ ಕಾವಲು ಎಂದರೆ ಹೆಚ್ಚಾಗಿ ಕೆರೆ ಅಂಗಳ, ಹಸಿರೂ ನೆರಳೂ ಸಿಗುವ ಜಾಗ. ಈಗ ಕಾವಲುಗಳೇ ಎಷ್ಟು ಉಳಿದಿವೆ ಬಿಡಿ. ಚಳ್ಳಕೆರೆ ಕಡೆ ಸಾವಿರಾರು ಎಕರೆ ಸರ್ಕಾರಿ ಸಂಸ್ಥೆಗಳ ಬೇಲಿಯೊಳಗೆ ಹೋಯಿತು.

ಉಳಿದ ಗೋಮಾಳದ ಹುಲ್ಲನ್ನಾದರೂ ಹೂ ಬಿಡುವಾಗಲೇ ಕೊಯ್ದು ಒಣಗಿಸಿಡಬೇಕು. ಅದೇ ಹೊತ್ತಿಗೆ ಹಸ್ತ, ಚಿತ್ತೆ ಮಳೆ ಹಿಡಿಯುತ್ತದೆ ನಿಜ, ನೆನೆದ ಹುಲ್ಲಿಗೆ ಬೂಷ್ಟು ಬರುತ್ತದೆ. ಮೂರ್ನಾಲ್ಕು ದಿನ ಬಿಸಿಲು ಸಿಗುವುದನ್ನು ನೋಡಿ ಕೊಯ್ಯಬೇಕು, ಇಲ್ಲವೇ ಹಸಿ ಹುಲ್ಲನ್ನೇ ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟು ರಸಮೇವು (ಸೈಲೇಜ್) ಮಾಡಬೇಕು. ಪಂಚಾಯಿತಿಗಳು ಗೋಮಾಳದ ಒಂದು ಭಾಗಕ್ಕೆ ಎರಡು ತಿಂಗಳು ದನ ಬಿಡದೆ ಕಾದಿಟ್ಟು, ಕೊಯ್ಯುವ ದಿನವನ್ನು ಪಶುವೈದ್ಯರನ್ನು ಕೇಳಿ ಗೊತ್ತು ಮಾಡಲಿ. ಬೇಸಿಗೆ ಬಂದ ಮೇಲೆ ಲಾರಿಯಲ್ಲಿ ಭತ್ತದ ಹುಲ್ಲು ತರಿಸಿ ಹಂಚುವುದಕ್ಕಿಂತ ಇದು ಅಗ್ಗ ಅಲ್ವಾ? ಹಂಚಲೇಬೇಕೆಂದರೆ, ಅದರ ಸತ್ವ ಹೆಚ್ಚಿಸಲು 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದನ್ನು ಊರೂರಲ್ಲಿ ಮಾಡಿ ತೋರಿಸಲಿ. ಸುಮ್ನೆ ಕರಪತ್ರ ಹಂಚಿದರೆ ಅಪಾಯ. ಯೂರಿಯಾ ಕರಗಿಸಿದ ನೀರನ್ನು ದನ ಕುಡಿದರೆ ಸಾಯುತ್ತದೆ.

ಮುಂದಿನ ಸಲ ಮೇವಿನ ಅಂಕಿ ಕೊಡುವಾಗ ಅದು ಯಾವ ತಿಂಗಳಲ್ಲಿ ಕೊಯ್ದ ಮೇವು ಅಂತಲೂ ಹೇಳಲಿ. ಗೋಮಾಳದ ಹುಲ್ಲು ಕೊಯ್ಯುವ ಆದೇಶ ಉತ್ತರೆ ಮಳೆಗೆ ಮೊದಲೇ ಬಂದರೆ, ಕೊಯ್ಯಲು ಆಳು ಹುಡುಕುವುದಕ್ಕಾದರೂ ನಮಗೆ ಸಮಯ ಸಿಗುತ್ತದೆ.

– ಒಬ್ಬ ಹೈನುಗಾರ, ಚಿತ್ರದುರ್ಗ ಜಿಲ್ಲೆ