ತುಟಿಗೆ ಹಚ್ಚುವುದರಲ್ಲಿ ಗೋಧಿ ಇದೆಯೇ ಎಂಬ ಪ್ರಶ್ನೆ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಲಿಪ್ ಬಾಮ್ ಶೋಕಿಯ ವಸ್ತುವಾಗಿ ಉಳಿಯುವುದಿಲ್ಲ. ಬಿಸಿಲು 42-43 ಡಿಗ್ರಿ ಮುಟ್ಟಿದ ದಿನಗಳಲ್ಲಿ ತುಟಿ ಒಡೆದು ರಕ್ತ ಜಿನುಗುತ್ತದೆ. ತರಗತಿಯಲ್ಲಿ ದಿನಕ್ಕೆ ಐದು ಪಿರಿಯಡ್ ಮಾತನಾಡುವ ನನ್ನಂಥವರು ಗಂಟೆಗೊಮ್ಮೆಯಾದರೂ ಏನನ್ನಾದರೂ ಸವರಿಕೊಳ್ಳಲೇಬೇಕು. ಹಾಗೆ ಸವರಿಕೊಂಡದ್ದು ತುಟಿಯ ಮೇಲೆಯೇ ಇರುವುದಿಲ್ಲ, ನೀರು ಕುಡಿಯುವಾಗ, ಊಟ ಮಾಡುವಾಗ, ಒಣಗಿದ ತುಟಿಯ ಮೇಲೆ ನಾಲಿಗೆ ಆಡಿಸುವಾಗ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಇಳಿಯುತ್ತದೆ. ಬೇರೆಯವರಿಗೆ ಇದು ಲೆಕ್ಕಕ್ಕೆ ಬರುವ ಸಂಗತಿಯಲ್ಲ. ನನಗೆ ಸೀಲಿಯಾಕ್ ಕಾಯಿಲೆ ಇರುವುದರಿಂದ ಲೆಕ್ಕ ಹಾಕಬೇಕಾಗಿದೆ.

ಗೋಧಿ, ಜವೆಗೋಧಿ (ಬಾರ್ಲಿ) ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಈ ಕಾಯಿಲೆಯವರ ರೋಗನಿರೋಧಕ ವ್ಯವಸ್ಥೆಯು ತಮ್ಮದೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಪದರ ಸವೆದಂತೆ ಉಂಡ ಅನ್ನದ ಸತ್ವ ಮೈಗೆ ಹತ್ತುವುದಿಲ್ಲ. ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ನನ್ನ ಹಿಮೋಗ್ಲೋಬಿನ್ ಮೇಲೇಳದಿದ್ದಾಗ ವೈದ್ಯರೊಬ್ಬರು ಟಿಟಿಜಿ ಎಂಬ ರಕ್ತಪರೀಕ್ಷೆಯನ್ನೂ ಅನಂತರ ಎಂಡೋಸ್ಕೋಪಿಯನ್ನೂ ಮಾಡಿಸಿದರು. ಕಾರಣ ಗೊತ್ತಾದದ್ದು ಆಗಲೇ. ಇದನ್ನು ವಾಸಿಮಾಡುವ ಔಷಧಿಯಿಲ್ಲ, ಬದುಕಿರುವ ತನಕ ಗ್ಲುಟೆನ್ ಬಿಡುವುದೊಂದೇ ದಾರಿ. ಉತ್ತರ ಭಾರತದಲ್ಲಿ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಈ ಕಾಯಿಲೆ ಕಂಡುಬಂದಿದೆ. ಗೋಧಿಗಿಂತ ಜೋಳವನ್ನೇ ಹೆಚ್ಚಾಗಿ ನೆಚ್ಚಿದ ನಮ್ಮ ಕಡೆ ಇದರ ಹೆಸರು ಕೇಳಿದವರೇ ವಿರಳ.

ಊಟದ ಮಟ್ಟಿಗೆ ಹೇಳುವುದಾದರೆ ಈ ಕಾಯಿಲೆ ಇಟ್ಟುಕೊಂಡು ಬದುಕಲು ಕಲಬುರಗಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಬಿಳಿಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ತೊಗರಿಬೇಳೆ, ಎಣ್ಣೆಗಾಯಿ, ಶೇಂಗಾ ಹಿಂಡಿ, ಇವುಗಳಲ್ಲಿ ಯಾವುದರಲ್ಲೂ ಸ್ವಭಾವತಃ ಗ್ಲುಟೆನ್ ಇಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆಂದು ಮನೆಯಲ್ಲೇ ಒಂದು ಸಣ್ಣ ಗಿರಣಿ ಇಟ್ಟುಕೊಂಡೆ. ಇಂಗಿಗೆ ಮೈದಾ ಬೆರೆಸುತ್ತಾರೆಂದು ತಿಳಿದ ಮೇಲೆ ಒಗ್ಗರಣೆಗೆ ಬೆಳ್ಳುಳ್ಳಿಯೇ ಸಾಕೆನಿಸಿತು. ಅಡುಗೆಮನೆ ಹೀಗೆ ನನ್ನ ಹತೋಟಿಗೆ ಬಂತು. ಬರದೆ ಉಳಿದದ್ದು ಕನ್ನಡಿಯ ಮುಂದಿನ ಕಪಾಟು.

ಕಳೆದ ತಿಂಗಳು ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ಲಿಪ್‌ಸ್ಟಿಕ್ ಕೈಗೆತ್ತಿಕೊಂಡು, ಇದರಲ್ಲಿ ಗೋಧಿಯ ಅಂಶವಿದೆಯೇ ಎಂದು ಕೇಳಿದೆ. ಅಂಗಡಿಯ ಹುಡುಗ ನನ್ನ ಮುಖವನ್ನೊಮ್ಮೆ ನೋಡಿ, "ಅಕ್ಕಾರ, ಇದು ಹಚ್ಕೊಳ್ಳಾದ್ರಿ, ತಿನ್ನಾದಲ್ಲ" ಎಂದ. ತುಟಿಗೆ ಹಚ್ಚಿದ್ದು ಬಾಯಿಗೆ ಹೋಗುತ್ತದಲ್ಲಪ್ಪಾ ಎಂದು ವಿವರಿಸಿದ ಮೇಲೆ ಕಡ್ಡಿಯನ್ನು ಹೊರಳಿಸಿ, ಬುಡದಲ್ಲಿದ್ದ ಹಸಿರು ಚುಕ್ಕಿ ತೋರಿಸಿ, "ಪ್ಯೂರ್ ವೆಜ್ ಐತ್ರಿ" ಎಂದು ಭರವಸೆ ಕೊಟ್ಟ. ಅವನ ತಪ್ಪೇನಿಲ್ಲ, ಗೋಧಿಯೂ ಶುದ್ಧ ಸಸ್ಯಾಹಾರವೇ ತಾನೇ. ಪದಾರ್ಥಗಳ ಪಟ್ಟಿ ಎಲ್ಲಿ ಎಂದು ಕೇಳಿದರೆ, ಅದು ಹೊರಗಿನ ರಟ್ಟಿನ ಡಬ್ಬಿಯ ಮೇಲೆ ಇರುತ್ತಿತ್ತು, ಜಾಗ ಸಾಲದೆ ಡಬ್ಬಿಗಳನ್ನೆಲ್ಲ ಎಸೆದಿದ್ದೇವೆ ಎಂಬ ಉತ್ತರ ಬಂತು.

ಪಟ್ಟಿ ಸಿಕ್ಕರೂ ಅದನ್ನು ಓದುವುದು ಸುಲಭವಲ್ಲ. ಅಕ್ಷರಗಳು ಸಾಸಿವೆಗಿಂತ ಸಣ್ಣವು, ಹೆಸರುಗಳು ಲ್ಯಾಟಿನ್ನಿನವು. 'ಟ್ರಿಟಿಕಮ್ ವಲ್ಗೇರ್' ಎಂದರೆ ಗೋಧಿ, 'ಹಾರ್ಡಿಯಮ್ ವಲ್ಗೇರ್' ಎಂದರೆ ಜವೆಗೋಧಿ ಎಂಬುದನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೇನೆ. 'ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್' ಎಂದಿದ್ದರೆ ಕೊನೆಪಕ್ಷ ಗುಟ್ಟೇನೂ ಇಲ್ಲ. 'ಟೊಕೊಫೆರಾಲ್', ಅಂದರೆ ಇ ವಿಟಮಿನ್, ಸೋಯಾದಿಂದ ಬಂದದ್ದೋ ಗೋಧಿಯಿಂದ ಬಂದದ್ದೋ ಎಂಬುದು ಮಾತ್ರ ಆ ಹೆಸರಿನಿಂದ ತಿಳಿಯುವಂತಿಲ್ಲ. ಕಂಪನಿಯೊಂದಕ್ಕೆ ಇದನ್ನೇ ಕೇಳಿ ಬರೆದಾಗ, ತಮ್ಮ ಉತ್ಪನ್ನವು ಚರ್ಮತಜ್ಞರಿಂದ ಪರೀಕ್ಷಿಸಲ್ಪಟ್ಟಿದೆ ಎಂಬ ಉತ್ತರ ಬಂತು. ನಾನು ಕೇಳಿದ್ದು ಚರ್ಮದ ವಿಷಯವೇ ಅಲ್ಲ. ಗ್ಲುಟೆನ್ನಿನ ಕಣ ಚರ್ಮದ ಮೂಲಕ ಒಳಗೆ ಇಳಿಯುವಷ್ಟು ಚಿಕ್ಕದಲ್ಲ. ಕೈಗೆ, ಕೆನ್ನೆಗೆ ಹಚ್ಚುವ ಕ್ರೀಮಿನ ಬಗ್ಗೆ ನನಗೆ ತಕರಾರಿಲ್ಲ.

ನನ್ನ ನಿಜವಾದ ತಕರಾರು ನಿಯಮದ ಬಗ್ಗೆ. ಪ್ರಸಾಧನ ಸಾಮಗ್ರಿಗಳ ಮೇಲೆ ಪದಾರ್ಥಗಳ ಪಟ್ಟಿ ಇರಬೇಕೆಂದು 2020ರ ಕಾಸ್ಮೆಟಿಕ್ಸ್ ನಿಯಮಗಳು ಹೇಳುತ್ತವೆ. ಆದರೆ ದ್ರವವಾದರೆ 60 ಮಿಲಿಲೀಟರಿಗಿಂತ, ಗಟ್ಟಿ ಅಥವಾ ಅರೆಗಟ್ಟಿ ಪದಾರ್ಥವಾದರೆ 30 ಗ್ರಾಮಿಗಿಂತ ಕಡಿಮೆಯಿರುವ ಪೊಟ್ಟಣಗಳಿಗೆ ಆ ಪಟ್ಟಿ ಬೇಕಿಲ್ಲ ಎಂಬ ವಿನಾಯಿತಿಯನ್ನೂ ಕೊಡುತ್ತವೆ. ಒಂದು ಲಿಪ್‌ಸ್ಟಿಕ್ಕಿನ ತೂಕ ಸುಮಾರು 4 ಗ್ರಾಂ, ಲಿಪ್ ಬಾಮಿನದು ಹೆಚ್ಚೆಂದರೆ 10 ಗ್ರಾಂ. ಅಂದರೆ ಹೊಟ್ಟೆಗೆ ಹೋಗದ ಶಾಂಪೂವಿನ ದೊಡ್ಡ ಬಾಟಲಿಯ ಮೇಲೆ ಪಟ್ಟಿ ಕಡ್ಡಾಯ, ಹೊಟ್ಟೆಗೆ ಹೋಗುವ ತುಟಿಬಣ್ಣಕ್ಕೆ ರಿಯಾಯಿತಿ. ಅನೇಕ ಕಂಪನಿಗಳು ತಾವಾಗಿಯೇ ಪಟ್ಟಿ ಮುದ್ರಿಸುತ್ತವೆ, ಅದನ್ನು ಒಪ್ಪಬೇಕು. ಮುದ್ರಿಸದವರನ್ನು ಕೇಳುವ ಹಕ್ಕು ಮಾತ್ರ ನಮಗಿಲ್ಲ. ಆಹಾರದ ವಿಷಯದಲ್ಲಿ ನಮ್ಮದೇ ದೇಶ ಎಷ್ಟೋ ಮುಂದಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಗೋಧಿ ಇದೆ ಎಂದು ಬೇರೆಯಾಗಿ, ನೇರವಾಗಿ ಬರೆಯಬೇಕು; ಗ್ಲುಟೆನ್‌ರಹಿತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದು.

ಇಷ್ಟು ಬರೆದು ಓದುಗರನ್ನು ಹೆದರಿಸುವ ಉದ್ದೇಶ ನನಗಿಲ್ಲ. ದಿನಕ್ಕೆ 10 ಮಿಲಿಗ್ರಾಮಿನೊಳಗಿನ ಗ್ಲುಟೆನ್ನನ್ನು ಹೆಚ್ಚಿನ ರೋಗಿಗಳ ಕರುಳು ತಾಳಿಕೊಳ್ಳುತ್ತದೆ ಎನ್ನುತ್ತಾರೆ ತಜ್ಞರು. ಇಟಲಿಯ ಸಂಶೋಧಕರು ಬಾಯಿಯ ಶುಚಿತ್ವದ ಹಾಗೂ ಪ್ರಸಾಧನದ 66 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಆ 20 ಮಿಲಿಗ್ರಾಮಿನ ಮಿತಿಯನ್ನು ಮೀರಿದ್ದು ನಾಲ್ಕು ಮಾತ್ರ: ಮೂರು ಟೂತ್‌ಪೇಸ್ಟ್, ಒಂದು ಲಿಪ್‌ಸ್ಟಿಕ್. ಅಪಾಯ ಚಿಕ್ಕದು, ನಿಜ. ಆದರೆ 4 ಗ್ರಾಮಿನ ಕಡ್ಡಿಯಲ್ಲಿ ಗೋಧಿ ಪ್ರೋಟೀನು ನೂರಕ್ಕೆ ಒಂದು ಪಾಲು ಇದ್ದರೂ ಅದು 40 ಮಿಲಿಗ್ರಾಂ ಆಯಿತು. ಅದು ಎಷ್ಟು ದಿನಗಳಲ್ಲಿ ಹೊಟ್ಟೆ ಸೇರುತ್ತದೆ ಎಂಬುದು ಹಚ್ಚಿಕೊಳ್ಳುವವರ ಅಭ್ಯಾಸಕ್ಕೆ ಬಿಟ್ಟದ್ದು. ಸೀಲಿಯಾಕ್ ಇರುವ ಎಳೆಯ ಮಗುವಿನ ಬಾಯಿಗೆ ದಿನಕ್ಕೆ ಹತ್ತು ಸಲ ಮುತ್ತಿಡುವ ತಾಯಿಗೂ ತಾನು ಹಚ್ಚಿಕೊಂಡದ್ದು ಏನೆಂದು ಗೊತ್ತಿರಬೇಡವೇ?

ಸದ್ಯಕ್ಕೆ ಹಗಲಿಗೆ ಬರಿಯ ಪೆಟ್ರೋಲಿಯಂ ಜೆಲ್ಲಿ, ರಾತ್ರಿಗೆ ನಮ್ಮ ದೊಡ್ಡವ್ವ ಹೇಳುವಂತೆ ತುಪ್ಪ, ಇವೆರಡರಲ್ಲಿ ನನ್ನ ಬೇಸಿಗೆ ಕಳೆಯುತ್ತಿದೆ. ಲಿಪ್‌ಸ್ಟಿಕ್ಕಿನ ಮುಖ್ಯ ದ್ರವ್ಯಗಳು ಔಡಲೆಣ್ಣೆ, ಮೇಣ ಮತ್ತು ಬಣ್ಣ. ಔಡಲ ನಮ್ಮ ಹೊಲದ ಬದುವಿನಲ್ಲೇ ಬೆಳೆಯುತ್ತದೆ. ಗೋಧಿ ಇಲ್ಲದೆ ಲಿಪ್‌ಸ್ಟಿಕ್ ಮಾಡುವುದು ದೊಡ್ಡ ವಿದ್ಯೆಯೇನೂ ಅಲ್ಲ.

ಆದ್ದರಿಂದ ಕೇಂದ್ರ ಆರೋಗ್ಯ ಸಚಿವಾಲಯವು ತುಟಿಗೆ ಹಚ್ಚುವ ಎಲ್ಲ ಉತ್ಪನ್ನಗಳನ್ನು, ಜೊತೆಗೆ ಟೂತ್‌ಪೇಸ್ಟನ್ನು, 30 ಗ್ರಾಮಿನ ವಿನಾಯಿತಿಯಿಂದ ಹೊರಗೆ ತಂದು, ಗೋಧಿ, ಜವೆಗೋಧಿ, ರೈ ಮೂಲದ ಪದಾರ್ಥವಿದ್ದರೆ ಸಾಮಾನ್ಯ ಜನ ಓದಿ ತಿಳಿಯುವ ಹೆಸರಿನಲ್ಲಿ ಬರೆಯುವುದನ್ನು ಕಡ್ಡಾಯ ಮಾಡಬೇಕು. ಈ ವಿಷಯವನ್ನು ನಮ್ಮ ಭಾಗದ ಸಂಸದರು ಸದನದಲ್ಲಿ ಎತ್ತಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ನಿಯಮ ಬದಲಾಗಲು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ನಮ್ಮೂರ ಅಂಗಡಿಯವರು ಪ್ರತಿ ಬಗೆಯದೂ ಒಂದೊಂದು ರಟ್ಟಿನ ಡಬ್ಬಿಯನ್ನು ಎಸೆಯದೆ ಗಲ್ಲಾದ ಕೆಳಗೆ ಇಟ್ಟುಕೊಂಡಿದ್ದರೆ ಸಾಕು, ಓದಿಕೊಳ್ಳಲು ಭೂತಗನ್ನಡಿಯನ್ನು ನಾನೇ ತರುತ್ತೇನೆ.

ಇತಿ,
ಪ್ರೌಢಶಾಲಾ ಶಿಕ್ಷಕಿ, ಕಲಬುರಗಿ