ನಾಜಿಯಾ ಹಾಡಿದ್ದು ಹಾಗೇ ಅಲ್ವಾ, ಪುಟ್ಟಿ?

ಪುಟ್ಟಿ,

ಆಫೀಸಿನ ವಾರ್ಷಿಕೋತ್ಸವಕ್ಕೆ ‘ಡಿಸ್ಕೋ ದೀವಾನೆ’ ಹಾಡು ಅಂತ ಎಲ್ಲರೂ ಒತ್ತಾಯ ಮಾಡುತ್ತಿದ್ದಾರೆ, ಸಂಗೀತ ಕಲಿಯದ ನಾನು ಹೇಗೆ ಸ್ಟೇಜ್ ಹತ್ತಲಿ ಅಂತ ಕೇಳಿದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದು 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಸಿನಿಮಾದ ಹಾಡು. ಅದರ ನಡುವೆ ಒಂದು ಹಳೇ ದನಿ ಬರುತ್ತದಲ್ಲ, ಅದು ನಾಜಿಯಾ ಹಸನ್. ಕರಾಚಿಯಲ್ಲಿ 1965ರಲ್ಲಿ ಹುಟ್ಟಿದವಳು, ನನಗಿಂತ ಒಂದೇ ವರ್ಷ ದೊಡ್ಡವಳು. 1980ರಲ್ಲಿ ಫಿರೋಜ್ ಖಾನ್ ಅವರ ‘ಕುರ್ಬಾನಿ’ ಬಂತು. ಅದರಲ್ಲಿ ‘ಆಪ್ ಜೈಸಾ ಕೋಯಿ’ ಹಾಡಿದಳು. ಮಾರನೇ ವರ್ಷ ಫಿಲ್ಮ್‌ಫೇರ್ ಪ್ರಶಸ್ತಿ. ಆಗ ಅವಳಿಗೆ 15 ವರ್ಷ!

ಆ ಸಿನಿಮಾದ ಉಳಿದ ಹಾಡುಗಳೆಲ್ಲ ಕಲ್ಯಾಣ್‌ಜಿ–ಆನಂದ್‌ಜಿ ಅವರದು. ಇದೊಂದಕ್ಕೆ ಮಾತ್ರ ರಾಗ ಹಾಕಿದವರು ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು ಕಣೇ, ನಮ್ಮವರೇ. ಲಂಡನ್‌ಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್ ಕೈಲಿ ‘ಕುಂಗ್ ಫೂ ಫೈಟಿಂಗ್’ ಹಾಡಿಸಿ ಅರ್ಧ ಪ್ರಪಂಚವನ್ನೇ ಕುಣಿಸಿದ್ದರು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ ಅನ್ನುವುದು ನನಗೆ ನಿಜವಾಗಿ ಬೇಜಾರು.

ದಾವಣಗೆರೆ ಆಗ ಮಿಲ್ಲುಗಳ ಊರು. ಸೈರನ್ ಕೂಗಿದರೆ ಶಿಫ್ಟ್ ಬದಲಾಯಿತು ಅಂತ ಲೆಕ್ಕ. ನಿನ್ನ ಸೋದರಮಾವ ಖಾಲಿ ಕ್ಯಾಸೆಟ್ಟು ಮತ್ತು ಹಾಡುಗಳ ಚೀಟಿ ತಗೊಂಡು ಮಂಡಿಪೇಟೆ ಕಡೆಯ ಅಂಗಡಿಗೆ ಹೋಗಿ ರೆಕಾರ್ಡ್ ಮಾಡಿಸಿಕೊಂಡು ಬರುತ್ತಿದ್ದ. ಗಣೇಶನ ಹಬ್ಬದಲ್ಲಿ ಪೆಂಡಾಲಿನ ಆರ್ಕೆಸ್ಟ್ರಾದವರು ರಾಜ್‌ಕುಮಾರ್ ಹಾಡು, ಎಸ್ಪಿಬಿ ಹಾಡು ಎಲ್ಲಾ ಮುಗಿಸಿ ರಾತ್ರಿ ಹೊತ್ತೇರಿದ ಮೇಲೆ ‘ಆಪ್ ಜೈಸಾ ಕೋಯಿ’ ಶುರು ಮಾಡಿದರೆ, ಅಲ್ಲೀವರೆಗೂ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದ ಹುಡುಗರೆಲ್ಲ ಪೊಟ್ಟಣ ಬಿಸಾಕಿ ಮುಂದೆ ನುಗ್ಗುತ್ತಿದ್ದರು. ನಾವು ಹುಡುಗಿಯರು ಕುಣಿಯುವಂತಿರಲಿಲ್ಲ. ದೊಡ್ಡವರ ಹಿಂದೆ ಕೂತು ಕಾಲಲ್ಲೇ ತಾಳ ಹಾಕುತ್ತಿದ್ದೆವು. ಡಿಸ್ಕೋದಲ್ಲಿ ಪ್ರತಿ ಏಟಿಗೂ ಡ್ರಮ್ಮು ಧಿಮ್ ಅನ್ನುತ್ತದೆ, ಲೆಕ್ಕ ತಪ್ಪುವುದಕ್ಕೆ ಜಾಗವೇ ಇಲ್ಲ. ಕುಣಿಯೋದು ಕಲಿಯದವರ ಕಾಲೂ ಸುಮ್ನೆ ಇರುವುದಿಲ್ಲ.

ಆದರೆ ನನ್ನನ್ನು ಹಿಡಿದಿದ್ದು ಡ್ರಮ್ಮಲ್ಲ, ಅವಳ ದನಿ. ಅಲ್ಲಿಯವರೆಗೆ ಹಾಡು ಅಂದರೆ ನಮಗೆ ಲತಾ, ಜಾನಕಿ. ಅವರ ಹಾಡನ್ನು ಕೇಳಿ ಕೈಮುಗಿಯಬಹುದು, ಹಾಡುವುದಕ್ಕೆ ಧೈರ್ಯ ಬರುತ್ತಿರಲಿಲ್ಲ. ನಾಜಿಯಾಳ ದನಿಯಲ್ಲಿ ಶಾಸ್ತ್ರೀಯ ಸಂಗೀತದವರ ಸಂಗತಿ, ಗಮಕದಂಥ ಕಸರತ್ತು ಏನೂ ಇರಲಿಲ್ಲ. ಸ್ವಲ್ಪ ಮೂಗಿನಿಂದ ಬರುವ, ಪಕ್ಕದ ಬೆಂಚಿನ ಹುಡುಗಿಯ ದನಿ. ಕ್ಲಾಸಿನಲ್ಲಿ ಬಾಯೇ ಬಿಡದಿದ್ದ ಹುಡುಗಿಯರೂ ನೀರು ಹಿಡಿಯುವಾಗ, ಬಟ್ಟೆ ಒಗೆಯುವಾಗ ಅವಳ ಹಾಡು ಗುನುಗುತ್ತಿದ್ದರು. ನಾನೂ ಗುನುಗುತ್ತಿದ್ದೆ. ನಿಮ್ಮಜ್ಜಿ ಬೈಯುತ್ತಿದ್ದರು, ಬಿಡು.

ಅವಳ ತಮ್ಮ ಜೊಹೇಬ್ ಜೊತೆ 1981ರಲ್ಲಿ ‘ಡಿಸ್ಕೋ ದೀವಾನೆ’ ಆಲ್ಬಂ ಬಂತು, ಅದನ್ನು ಮಾಡಿಸಿದವರೂ ಬಿದ್ದು ಅಪ್ಪಯ್ಯ ಅವರೇ. ಸಿನಿಮಾ ಇಲ್ಲ, ಹೀರೋ ಇಲ್ಲ, ಬರೀ ಹಾಡು, ಆದರೂ ಜನ ಮುಗಿಬಿದ್ದರು. ಆಮೇಲೆ 1984ರಲ್ಲಿ ‘ಯಂಗ್ ತರಂಗ್’, ಕೊನೆಗೆ 1992ರಲ್ಲಿ ‘ಕ್ಯಾಮೆರಾ ಕ್ಯಾಮೆರಾ’. ಅಷ್ಟರಲ್ಲೇ ಅವಳು ಲಂಡನ್ನಿನಲ್ಲಿ ಕಾನೂನು ಓದಿ, ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯಲ್ಲಿ ಕೆಲಸವನ್ನೂ ಮಾಡಿದ್ದಳು. ಹಾಡೊಂದನ್ನೇ ಹಿಡಿದುಕೊಂಡು ಕೂರಲಿಲ್ಲ. 2000ನೇ ಇಸವಿ ಆಗಸ್ಟ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಲಂಡನ್ನಿನಲ್ಲೇ ತೀರಿಕೊಂಡಳು. ಬರೀ 35 ವರ್ಷ. ನೀನಾಗ ಪುಟ್ಟ ಮಗು. ಪೇಪರಿನಲ್ಲಿ ಓದಿ ನಾನು ಅತ್ತಿದ್ದು ಯಾಕೆ ಅಂತ ನಿಮ್ಮಪ್ಪನಿಗೆ ಅರ್ಥವೇ ಆಗಲಿಲ್ಲ.

ನೀನು ಹಾಡು ಪುಟ್ಟಿ. ರೀಮಿಕ್ಸ್ ಬೇಡ, ಹಳೇದನ್ನೇ ನಾಲ್ಕು ಸಲ ಕೇಳಿಸಿಕೋ. ಅವಳು ಎಲ್ಲೂ ದನಿ ಏರಿಸಿ ಕಿರುಚುವುದಿಲ್ಲ, ಮಾತಾಡಿದಷ್ಟು ಸಲೀಸಾಗಿ ಹಾಡುತ್ತಾಳೆ, ಅದನ್ನ ಗಮನಿಸು. ಶ್ರುತಿ ನಿನಗೆ ಎತ್ತರ ಅನ್ನಿಸಿದರೆ ಕೀಬೋರ್ಡಿನವರಿಗೆ ಮೊದಲೇ ಹೇಳಿ ಇಳಿಸಿಕೋ. ಕಾರ್ಯಕ್ರಮ ಯಾವತ್ತು ಅಂತ ಇವತ್ತೇ ತಿಳಿಸು, ನಾನೂ ನಿಮ್ಮಪ್ಪನೂ ಬೆಂಗಳೂರಿಗೆ ಟ್ರೇನ್ ಟಿಕೆಟ್ ಮಾಡಿಸಬೇಕು.

ನಿನ್ನ
ಅಮ್ಮ